ಸುರಂಗದ ಚಿತ್ರ ಬರೆಯುತ್ತಿದ್ದೇನೆ: ನೋಡಿ ಬರೆದಿಟ್ಟದ್ದನ್ನು ಮತ್ತೆ ಸಿಗುವಂತೆ ಇಡುವುದು ಹೇಗೆ?

ದಂಬೆನೀರು (ಬಾಯಾರು, ಕಾಸರಗೋಡು):

ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಅಜ್ಜನ ಕಾಲದ ಸುರಂಗವಿದೆ, ನಲವತ್ತು ಕೋಲು ಉದ್ದ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಬೇರೆ ಊರಿನವರಿಗಾಗಿ ಹೇಳುತ್ತೇನೆ: ಇದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ ಕೊರೆದ ನೀರಿನ ದಾರಿ. ಒಳಗೆ ಒಸರಿದ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಬಂದು, ಅಡಿಕೆ ಮರದ ದಂಬೆಯಲ್ಲಿ, ಅಂದರೆ ಸೀಳಿ ತಿರುಳು ತೆಗೆದ ಮರದಲ್ಲಿ, ಸಾಗಿ ಟಾಂಕಿಗೆ ಬೀಳುತ್ತದೆ. ನಾನು ಆ ನೀರು ಕುಡಿದು ಬೆಳೆದವಳು.

ಒಂದೂವರೆ ವರ್ಷದಿಂದ ಈ ಸುರಂಗದ ಬಗ್ಗೆ ಹನ್ನೆರಡು ಚಿತ್ರಗಳ ಸರಣಿ ಮಾಡುತ್ತಿದ್ದೇನೆ. ಹಗಲಿಗೆ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಚಿತ್ರಕ್ಕೆ ಸಿಗುವುದು ಬೆಳಿಗ್ಗೆ ಐದರಿಂದ ಏಳರವರೆಗೆ ಮಾತ್ರ.

ಕಣ್ಣಿಗೆ ಬಿದ್ದದ್ದನ್ನು ನಾನು ಬಿಡುವವಳಲ್ಲ. ಹೊಸದಾಗಿ ಕಡಿದ ಮುರಕಲ್ಲು ಹಣ್ಣಡಿಕೆಯ ಬಣ್ಣಕ್ಕೆ ಹತ್ತಿರ, ಎರಡು ಮಳೆಗಾಲ ಕಂಡ ಮೇಲೆ ಅದೇ ಕಲ್ಲು ಕಪ್ಪು. ಅಡಿಕೆಗೆ ಬೋರ್ಡೋ ದ್ರಾವಣ (ತುತ್ತ, ಸುಣ್ಣ ಕಲಸಿದ ಮದ್ದು) ಸಿಂಪಡಿಸಿ ಬಂದವರ ಅಂಗಿಯ ಹೆಗಲಿನಲ್ಲಿ ತುತ್ತದ ನೀಲಿ ಎಷ್ಟು ಒಗೆದರೂ ಸ್ವಲ್ಪ ಉಳಿಯುತ್ತದೆ. ದಂಬೆಯ ತುದಿಯಲ್ಲಿ ನೀರು ಬೀಳುವ ಮೊದಲು ಒಂದು ಕ್ಷಣ ಉಬ್ಬುತ್ತದೆ. ಇವನ್ನೆಲ್ಲ ಸಿಕ್ಕಿದ ಪುಸ್ತಕದಲ್ಲಿ ಅಲ್ಲಲ್ಲೇ ಗೀಚಿಡುತ್ತೇನೆ. ಈಗ ಇಪ್ಪತ್ತಮೂರು ಪುಸ್ತಕಗಳಾಗಿವೆ. ಮೊಬೈಲಿನಲ್ಲಿ ನಾಲ್ಕು ಸಾವಿರಕ್ಕೂ ಮೀರಿ ಫೋಟೋಗಳು.

ಕಷ್ಟ ಬಂದದ್ದು ಏಳನೆಯ ಚಿತ್ರಕ್ಕೆ. ಕೊರೆಯುವವರು ಮೇಣದಬತ್ತಿ ಹಿಡಿದು ಒಳಗೆ ಹೋಗುತ್ತಾರೆ. ಅದು ಬೆಳಕಿಗೆ ಮಾತ್ರವಲ್ಲ, ಗಾಳಿ ಕಡಿಮೆಯಾದರೆ ಉರಿ ಕುಗ್ಗುತ್ತದೆ, ಅದನ್ನು ಕಂಡವರು ಕೆಲಸ ನಿಲ್ಲಿಸಿ ಹೊರಗೆ ಬರುತ್ತಾರೆ. ನಮ್ಮ ಸುರಂಗದ ಹೂಳು ತೆಗೆಯಲು ಬರುತ್ತಿದ್ದ ಹಿರಿಯರ ಹಿಂದೆ ಹೋಗಿ ನಾನು ಆ ಉರಿಯನ್ನು ಮೂರು ಹಂತಗಳಲ್ಲಿ ಬರೆದಿದ್ದೆ, ಪಕ್ಕದಲ್ಲಿ ಗೋಡೆಯ ಬಣ್ಣ ಬದಲಾದದ್ದನ್ನೂ ಬರೆದಿದ್ದೆ. ಆ ಹಾಳೆ ಸಿಗುತ್ತಿಲ್ಲ. ಹನ್ನೊಂದು ದಿನ ಹುಡುಕಿದೆ. ಆ ಹಿರಿಯರಿಗೆ ಈಗ ಮೊಣಕಾಲು ನೋವು, ಒಳಗೆ ಹೋಗುವುದನ್ನು ಬಿಟ್ಟಿದ್ದಾರೆ. ಕ್ಯಾನ್ವಾಸು ಗೋಡೆಗೆ ಒರಗಿ ನಿಂತಿದೆ.

ನೀವೆಲ್ಲ ಹೇಗೆ ಇಟ್ಟುಕೊಳ್ಳುತ್ತೀರಿ? ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯುವುದಕ್ಕೂ ಏನಾದರೂ ದಾರಿ ಇದ್ದರೆ ತಿಳಿಸಿ.

ಹಳೆಯ ಚಿತ್ರಮಾಸ್ಟ್ರು (ಕುಂಬಳೆ):

ತಂಗೀ, ನೀವು ಲೆಕ್ಕ ಬರೆಯುವವರು, ಉತ್ತರ ನಿಮ್ಮ ಮೇಜಿನ ಮೇಲೆಯೇ ಇದೆ. ಕಚೇರಿಯಲ್ಲಿ ರೋಜುಕೀರ್ದಿ ಬೇರೆ, ಖಾತೆ ಪುಸ್ತಕ ಬೇರೆ ಅಲ್ಲವೇ? ದಿನದ ವ್ಯವಹಾರ ಬಂದ ಹಾಗೆ ಕೀರ್ದಿಗೆ ಹೋಗುತ್ತದೆ, ಆಮೇಲೆ ಯಾರ ಹೆಸರಿನದು ಅವರ ಖಾತೆಗೆ ಏರುತ್ತದೆ. ನಿಮ್ಮ ಇಪ್ಪತ್ತಮೂರು ಪುಸ್ತಕಗಳೂ ಕೀರ್ದಿಗಳು. ಖಾತೆ ಪುಸ್ತಕವನ್ನು ನೀವು ಇಟ್ಟೇ ಇಲ್ಲ.

ಚಿತ್ರ ಪುಸ್ತಕಗಳನ್ನು ವಿಂಗಡಿಸಲು ಹೋಗಬೇಡಿ, ಹಾಳೆ ಕೀಳಬೇಡಿ. ಪುಸ್ತಕದ ಬೆನ್ನಿಗೆ ಸಂಖ್ಯೆ, ಹಾಳೆಯ ಮೂಲೆಗೆ ಸಂಖ್ಯೆ, ಅಷ್ಟೇ. ಬೇರೆ ಒಂದು ಗೆರೆ ಪುಸ್ತಕದಲ್ಲಿ ಅಕಾರಾದಿಯಾಗಿ ಪುಟ ಬಿಟ್ಟು ಉರಿ, ಕಲ್ಲು, ಕೈ, ದಂಬೆ, ನೆರಳು ಎಂದು ಖಾತೆ ತೆರೆಯಿರಿ. ‘ಉರಿ: 14/32’ ಎಂದರೆ ಹದಿನಾಲ್ಕನೆಯ ಪುಸ್ತಕದ ಮೂವತ್ತೆರಡನೆಯ ಹಾಳೆ. ಒಂದೇ ಹಾಳೆ ನಾಲ್ಕು ಖಾತೆಗೆ ಹೋದರೂ ಹೋಗಲಿ. ಭಾನುವಾರಕ್ಕೊಮ್ಮೆ ಅರ್ಧ ಗಂಟೆ ಸಾಕು.

ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1851ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ರೇಖಾಪುಸ್ತಕಗಳು ಸುಮಾರು ಮುನ್ನೂರು. ಅವುಗಳಲ್ಲಿ ಹಲವಕ್ಕೆ ಆತನೇ ಚೀಟಿ ಅಂಟಿಸಿ ಸಂಖ್ಯೆಯನ್ನೂ ಒಳಗೆ ಏನಿದೆ ಎಂಬುದನ್ನೂ ಬರೆದಿದ್ದ. ಅಷ್ಟು ದೊಡ್ಡ ಕೈಗೂ ಚೀಟಿ ಬೇಕಾಯಿತು. ಶಾಲೆಯಲ್ಲಿ ಮಕ್ಕಳಿಗೆ ನಾನು ಇದನ್ನು ಮೊದಲ ವಾರವೇ ಹೇಳುತ್ತಿದ್ದೆ.

ಬೋರ್ಡು ಬರೆಯುವವ (ಅಕ್ಕಲಕೋಟೆ):

ಮಾಸ್ಟ್ರ ಮಾತಿಗೆ ನನ್ನ ನಮಸ್ಕಾರ. ಆದರೆ ಖಾತೆ ಪೂರ್ತಿಯಾಗುವ ತನಕ ಆ ಕ್ಯಾನ್ವಾಸನ್ನು ಕಾಯಿಸಬೇಡಿರಿ ಅಕ್ಕಾ. ನಾನು ಇಪ್ಪತ್ತು ವರ್ಷ ಅಂಗಡಿ ಬೋರ್ಡು ಬರೆದವನು, ಒಂದೇ ಬೀದಿಯಲ್ಲಿ ಕನ್ನಡ, ಮರಾಠಿ ಎರಡೂ. ಕಳೆದುಹೋದ ನಮೂನೆಯನ್ನು ಹುಡುಕುವ ಹೊತ್ತಿನಲ್ಲಿ ಇನ್ನೊಮ್ಮೆ ನೋಡಿ ಬರೆದದ್ದೇ ನನಗೆ ಹೆಚ್ಚು.

ಸುರಂಗಕ್ಕೆ ಒಬ್ಬರೇ ಹೋಗಬೇಡಿರಿ. ರಾತ್ರಿ ದೀಪ ಆರಿಸಿ, ನಿಮ್ಮ ಕಲ್ಲಿನ ಎರಡು ತುಂಡುಗಳ ನಡುವೆ ಮೇಣದಬತ್ತಿ ಹಚ್ಚಿ, ಮೇಲೆ ದೊಡ್ಡ ಗಾಜಿನ ಭರಣಿ ಬೋರಲು ಹಾಕಿರಿ. ಒಳಗಿನ ಗಾಳಿ ಕೆಡುತ್ತ ಹೋದ ಹಾಗೆ ಉರಿ ಕುಗ್ಗಿ ಆರುತ್ತದೆ. ಹತ್ತು ಸಲ ಮಾಡಿರಿ. ಒಮ್ಮೆ ಉರಿಯನ್ನು ಮಾತ್ರ ನೋಡಿರಿ, ಒಮ್ಮೆ ಕಲ್ಲನ್ನು ಮಾತ್ರ. ಎರಡನ್ನೂ ಒಟ್ಟಿಗೆ ನೋಡಲು ಹೋದರೆ ಎರಡೂ ತಪ್ಪುತ್ತವೆ.

ಇನ್ನೊಂದು: ಮೇಣದ ಬೆಳಕಿನಲ್ಲಿ ಮೊಬೈಲು ತೆಗೆದ ಫೋಟೋದ ಬಣ್ಣವನ್ನು ನಂಬಬೇಡಿರಿ. ಹಳದಿಯನ್ನು ಅದು ತಾನೇ ಸರಿಪಡಿಸಲು ಹೋಗುತ್ತದೆ. ಅಲ್ಲೇ ಒಂದು ಹನಿ ಬಣ್ಣ ಕಲಸಿ ಹಾಳೆಗೆ ಹಚ್ಚಿರಿ.

ಹೊಸಂಗಡಿ ಓದುಗ (ಮಂಜೇಶ್ವರ):

ಬೂಷ್ಟಿನ ಬಗ್ಗೆ ಮಾತ್ರ ಹೇಳುತ್ತೇನೆ, ಗ್ರಂಥಾಲಯದಲ್ಲಿ ಕೆಲಸ ಮಾಡಿದ್ದೇನೆ. ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ, ಒಳಗಿನ ತೇವ ಒಳಗೇ ಕುಳಿತು ಬೂಷ್ಟು ಹೆಚ್ಚುತ್ತದೆ. ಹೊರಗೋಡೆಗೆ ತಾಗದಂತೆ, ನಡುವೆ ಬೆರಳಾಡುವಷ್ಟು ಜಾಗ ಬಿಟ್ಟು, ನಿಲ್ಲಿಸಿ ಇಡಿ. ಮಳೆ ಬಿಟ್ಟ ದಿನ ನೆರಳಿನಲ್ಲಿ ತೆರೆದಿಟ್ಟು ಗಾಳಿಯಾಡಿಸಿ, ನೇರ ಬಿಸಿಲು ಬೇಡ. ಬೂಷ್ಟು ಚೆನ್ನಾಗಿ ಒಣಗಿದ ಮೇಲೆ ಮನೆಯ ಹೊರಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಪೆನ್ಸಿಲಿನ ಗೆರೆ ತೇವಕ್ಕೆ ಹರಡುವುದಿಲ್ಲ. ನೀರಿಗೆ ಕರಗುವ ಶಾಯಿಯ ಹಾಳೆಗಳಿದ್ದರೆ ಅವನ್ನೇ ಮೊದಲು ಫೋಟೋ ತೆಗೆದಿಡಿ.

ದಂಬೆನೀರು:

ಮೂರು ಭಾನುವಾರಗಳಾದವು. ಮಾಸ್ಟ್ರೇ, ಹದಿನಾಲ್ಕು ಪುಸ್ತಕಗಳಿಗೆ ಸಂಖ್ಯೆ ಬಿದ್ದಿದೆ. ಕಚೇರಿಯಲ್ಲಿ ದಿನವೂ ಮಾಡುವ ಕೆಲಸವನ್ನು ಮನೆಯ ಪುಸ್ತಕಗಳಿಗೆ ಮಾಡಲು ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ! ಖಾತೆ ತೆರೆದ ಮೇಲೆ ನಾನು ಏನನ್ನು ನೋಡುತ್ತೇನೆ ಎಂಬುದೇ ನನಗೆ ಹೊಸದಾಗಿ ತಿಳಿಯುತ್ತಿದೆ. ‘ಕೈ’ ಖಾತೆಯಲ್ಲಿ ಐವತ್ತೆರಡು ನಮೂದುಗಳಿವೆ, ‘ಮುಖ’ದಲ್ಲಿ ಆರು. ಸರಣಿಯಲ್ಲಿ ಮನುಷ್ಯರ ಮುಖ ತೋರಿಸಬೇಕೆಂದು ಒದ್ದಾಡುತ್ತಿದ್ದೆ, ಈಗ ಬಿಟ್ಟಿದ್ದೇನೆ. ಕೈಗಳೇ ಬರಲಿ.

ಕಳೆದುಹೋದ ಹಾಳೆ ಇನ್ನೂ ಸಿಕ್ಕಿಲ್ಲ. ಭರಣಿಯ ಪ್ರಯೋಗವನ್ನು ಹದಿನೇಳು ಸಲ ಮಾಡಿದೆ ಅಣ್ಣಾ. ಉರಿ ಕುಗ್ಗುವಾಗ ಕಲ್ಲಿನ ಸಣ್ಣ ತೂತುಗಳು ಮೊದಲು ಕಪ್ಪಾಗುತ್ತವೆ, ಉಬ್ಬಿದ ಭಾಗಗಳು ಕೊನೆಯ ತನಕ ಬೆಳಕನ್ನು ಹಿಡಿದಿರುತ್ತವೆ. ಆರಿದ ಮೇಲೂ ಬತ್ತಿಯ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಸ್ವಲ್ಪ ಹೊತ್ತು ಇರುತ್ತದೆ. ಸುರಂಗದೊಳಗೆ ಇದನ್ನು ನಾನು ನೋಡಿರಲಿಲ್ಲ, ಉರಿ ಆರುವವರೆಗೆ ಅಲ್ಲಿ ಯಾರೂ ನಿಲ್ಲುವುದಿಲ್ಲವಲ್ಲ.

ಆ ಹಿರಿಯರನ್ನು ನಿನ್ನೆ ಮನೆಗೆ ಕರೆದು ಭರಣಿಯಲ್ಲಿ ತೋರಿಸಿದೆ. ಉರಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿರುವಾಗಲೇ ಅವರು ಕೈ ಎತ್ತಿ, “ಇಲ್ಲಿಗೆ ನಾವು ತಿರುಗುತ್ತಿದ್ದೆವು” ಎಂದರು. ಆ ಎತ್ತರಕ್ಕೆ ಭರಣಿಯ ಮೇಲೆ ಸುಣ್ಣದ ಗೆರೆ ಎಳೆದಿದ್ದೇನೆ. ಇವತ್ತು ಬೆಳಿಗ್ಗೆ ಐದಕ್ಕೆ ಏಳನೆಯ ಕ್ಯಾನ್ವಾಸನ್ನು ಮತ್ತೆ ಎತ್ತಿಟ್ಟೆ.