ವಿಲ್ಯಾನ್ 20ಕ್ಕೆ ಹಾಕಿದ ಪೋರ್ಟ್‌ನಲ್ಲಿ ಐಪಿ ಸಿಗುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ಮನೆಯಲ್ಲಿ 8 ಪೋರ್ಟ್‌ನ ಸ್ಮಾರ್ಟ್ ಸ್ವಿಚ್ ಇದೆ, ರೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಸಾಫ್ಟ್‌ವೇರ್. ಕ್ಯಾಮೆರಾಗಳನ್ನು ಬೇರೆ ಇಡೋಣ ಅಂತ ವಿಲ್ಯಾನ್ 20 (ಅದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಮಾಡಿದೆ. ರೂಟರ್‌ಗೆ ಹೋಗುವ ಪೋರ್ಟ್ 1ರಲ್ಲಿ 20 ಟ್ಯಾಗ್ಡ್. ಕ್ಯಾಮೆರಾ ಇರುವ ಪೋರ್ಟ್ 5ರಲ್ಲಿ 20 ಅನ್‌ಟ್ಯಾಗ್ಡ್, ವಿಲ್ಯಾನ್ 1ರಿಂದ ಅದನ್ನು ತೆಗೆದಿದ್ದೇನೆ. ರೂಟರ್‌ನಲ್ಲಿ 20ಕ್ಕೆ ಡಿಎಚ್‌ಸಿಪಿ (ತಾನಾಗಿ ಐಪಿ ಹಂಚುವ ವ್ಯವಸ್ಥೆ) ಆನ್ ಇದೆ. ಆದರೂ ಐಪಿ ಬರುತ್ತಿಲ್ಲ. ಅಲ್ಲಿಗೇ ವಿಂಡೋಸ್ ಲ್ಯಾಪ್‌ಟಾಪ್ ಹಾಕಿದರೆ 169.254ರಿಂದ ಶುರುವಾಗುವ ವಿಳಾಸ ತೋರಿಸುತ್ತದೆ. ಕೇಬಲ್ ಬದಲಿಸಿ ನೋಡಿದ್ದಾಯಿತು.

ಉತ್ತರ:
169.254 ಅಂದರೆ ಡಿಎಚ್‌ಸಿಪಿ ಉತ್ತರ ಸಿಗದೆ ಲ್ಯಾಪ್‌ಟಾಪ್ ತಾನೇ ಹಾಕಿಕೊಂಡ ವಿಳಾಸ. ಪೋರ್ಟ್ 5ರ ಪಿವಿಐಡಿ (ಪೋರ್ಟ್‌ನ ಡೀಫಾಲ್ಟ್ ವಿಲ್ಯಾನ್ ನಂಬರ್) ಎಷ್ಟಿದೆ ಸರ್? ಸಾಮಾನ್ಯವಾಗಿ ಸ್ವಿಚ್‌ನ ಸೆಟ್ಟಿಂಗ್‌ನಲ್ಲಿ ಅದಕ್ಕೆ ಬೇರೆಯೇ ಪುಟ ಇರುತ್ತದೆ.

ಪ್ರಶ್ನೆ:
1 ಅಂತ ಇದೆ. ಅನ್‌ಟ್ಯಾಗ್ಡ್ ಮಾಡಿದ ಮೇಲೆ ಅದೂ ಬದಲಾಗಬೇಕಲ್ವಾ?

ಉತ್ತರ:
ಕಡಿಮೆ ಬೆಲೆಯ ಎಷ್ಟೋ ಸ್ವಿಚ್‌ಗಳಲ್ಲಿ ಆಗಲ್ಲ. ಟ್ಯಾಗ್ಡ್, ಅನ್‌ಟ್ಯಾಗ್ಡ್ ಅನ್ನೋದು ಪೋರ್ಟ್‌ನಿಂದ ಹೊರಗೆ ಹೋಗುವ ಫ್ರೇಮ್‌ನ (ಡೇಟಾ ತುಣುಕಿನ) ಮಾತು: ವಿಲ್ಯಾನ್ ನಂಬರ್ ಹೊತ್ತ 802.1ಕ್ಯೂ ಟ್ಯಾಗ್‌ನ 4 ಬೈಟ್ ಉಳಿಸಬೇಕೋ ಕಿತ್ತು ಕಳಿಸಬೇಕೋ. ಟ್ಯಾಗ್ ಇಲ್ಲದೆ ಒಳಗೆ ಬಂದದ್ದು ಯಾವ ವಿಲ್ಯಾನ್‌ಗೆ ಸೇರಬೇಕು ಅನ್ನೋದನ್ನು ಪಿವಿಐಡಿ ಹೇಳುತ್ತದೆ. ಕ್ಯಾಮೆರಾದ ಕೋರಿಕೆ ವಿಲ್ಯಾನ್ 1ರ ಲೆಕ್ಕಕ್ಕೆ ಹೋಗಿದೆ. ಇಂಗ್ರೆಸ್ ಫಿಲ್ಟರ್ (ಪೋರ್ಟ್ ಸದಸ್ಯನಲ್ಲದ ವಿಲ್ಯಾನ್‌ನ ಫ್ರೇಮ್ ಒಳಗೆ ಬಿಡದ ಸೆಟ್ಟಿಂಗ್) ಇದ್ದರೆ ಅಲ್ಲೇ ಬಿತ್ತು. ಇಲ್ಲದಿದ್ದರೂ ರೂಟರ್ 1ರಲ್ಲಿ ಕೊಟ್ಟ ಉತ್ತರ ಪೋರ್ಟ್ 5ಕ್ಕೆ ಬರಲಾರದು, ಅದು 1ರ ಸದಸ್ಯ ಅಲ್ಲವಲ್ಲ. ನೀವು ಅದನ್ನು 1ರಿಂದ ತೆಗೆದದ್ದೇ ಒಳ್ಳೆಯದಾಯಿತು. ಬಿಟ್ಟಿದ್ದರೆ ಮನೆ ನೆಟ್‌ವರ್ಕ್‌ನ ಐಪಿ ಬಂದು, ಎಲ್ಲ ಸರಿ ಇದೆ ಅಂತ ಸುಮ್ನೆ ಇದ್ದುಬಿಡುತ್ತಿದ್ದಿರಿ!

ಪೋರ್ಟ್ 5ರ ಪಿವಿಐಡಿ 20 ಮಾಡಿ. ಪೋರ್ಟ್ 1ರದ್ದು 1 ಆಗಿಯೇ ಇರಲಿ. ನೀವು ಕೂತು ಸ್ವಿಚ್ ಸೆಟ್ ಮಾಡುತ್ತಿರುವ ಪೋರ್ಟ್ ಮಾತ್ರ ಮುಟ್ಟಬೇಡಿ, ಒಳಗೆ ಹೋಗೋಕೇ ಆಗದೆ ರಿಸೆಟ್ ಮಾಡಬೇಕಾದೀತು.

ಪ್ರಶ್ನೆ:
192.168.20 ಸಾಲಿನ ಐಪಿ ಬಂತು, ಥ್ಯಾಂಕ್ಸ್! ಆದರೆ ಪೋರ್ಟ್ 5ರಿಂದ ಮನೆಯ ನ್ಯಾಸ್‌ಗೆ (ಫೈಲ್ ಇಡುವ ನೆಟ್‌ವರ್ಕ್ ಡಿಸ್ಕ್) ಪಿಂಗ್ ಹೋಗುತ್ತಿದೆ. ಬೇರೆ ಮಾಡಿ ಏನು ಬಂತು?

ಉತ್ತರ:
ಅದು ಸ್ವಿಚ್ ಕೆಲಸ ಅಲ್ಲ. ಎರಡು ವಿಲ್ಯಾನ್ ನಡುವೆ ದಾಟಿಸುತ್ತಿರುವುದು ರೂಟರ್. 20ರ ಇಂಟರ್‌ಫೇಸನ್ನು ಲ್ಯಾನ್ ಝೋನ್‌ಗೇ (ಫೈರ್‌ವಾಲ್‌ನಲ್ಲಿ ಮನೆ ನೆಟ್‌ವರ್ಕ್‌ನ ಗುಂಪಿಗೇ) ಸೇರಿಸಿದ್ದೀರಿ ಅನಿಸುತ್ತೆ. ಫೈರ್‌ವಾಲ್‌ನಲ್ಲಿ ಅದಕ್ಕೆ ಬೇರೆ ಝೋನ್ ಮಾಡಿ. ಲ್ಯಾನ್‌ನಿಂದ ಆ ಝೋನ್‌ಗೆ ಫಾರ್ವರ್ಡ್ ಆಗಲು ಅನುಮತಿ ಕೊಡಿ, ಅಲ್ಲಿಂದ ಲ್ಯಾನ್‌ಗೆ ಬೇಡ. ಆ ಝೋನ್‌ನ ಇನ್‌ಪುಟ್ (ರೂಟರ್‌ಗೇ ಬರುವ ಸಂಚಾರ) ರಿಜೆಕ್ಟ್ ಇಟ್ಟರೆ, ಡಿಎಚ್‌ಸಿಪಿ ಕೋರಿಕೆ ಬರುವ ಯುಡಿಪಿ 67ಕ್ಕೆ ಒಂದು ರೂಲ್ ತೆರೆಯಿರಿ, ಇಲ್ಲದಿದ್ದರೆ ಡಿಎಚ್‌ಸಿಪಿ ಮತ್ತೆ ನಿಲ್ಲುತ್ತದೆ. ಮತ್ತೆ ಸ್ವಿಚ್‌ನಲ್ಲಿ ಸೇವ್ ಕಾನ್ಫಿಗ್ ಅಂತ ಬೇರೆ ಬಟನ್ ಇದ್ದರೆ ಒತ್ತಿಬಿಡಿ, ಕರೆಂಟ್ ಹೋಗಿ ಬಂದರೆ ಮಾಡಿದ್ದೆಲ್ಲ ಹೋದೀತು.