ಮನೆಯಲ್ಲೇ ಎಲೆಕ್ಟ್ರಾನಿಕ್ ಮ್ಯೂಸಿಕ್ ಮಾಡಲು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಎಲೆಕ್ಟ್ರಾನಿಕ್ ಮ್ಯೂಸಿಕ್ ಅಂದರೆ ನನಗೆ ಪ್ರಾಣ. ಈಗ ನಾನೇ ಮಾಡಬೇಕು ಅನ್ನಿಸಿದೆ. ಇರುವುದು ಒಂದು ಸಾಧಾರಣ ಲ್ಯಾಪ್‌ಟಾಪ್, ಫೋನಿನ ಇಯರ್‌ಫೋನ್. ಸಂಗೀತ ಕಲಿತಿಲ್ಲ. ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ? ಮೊದಲು ಏನು ಕೊಳ್ಳಲಿ? ಅನುಭವ ಇರುವವರು ಹೇಳಿ.

ಹೌಸ್, ಟೆಕ್ನೊ ಮಾಡುವವರು: ಸದ್ಯಕ್ಕೆ ಏನೂ ಕೊಳ್ಳಬೇಡಿ. ಮ್ಯಾಕ್ ಆದರೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ಸಿಗುತ್ತದೆ. ವಿಂಡೋಸ್, ಲಿನಕ್ಸ್‌ಗೆ ಎಲ್‌ಎಂಎಂಎಸ್ ಇದೆ, ಅದೂ ಪುಕ್ಕಟೆ. ರೀಪರ್ ಅನ್ನು 60 ದಿನ ಹಣ ಕೊಡದೆ ಬಳಸಿ ನೋಡಬಹುದು. ಎಫ್‌ಎಲ್ ಸ್ಟುಡಿಯೊ ಟ್ರಯಲ್‌ಗೆ ದಿನಗಳ ಮಿತಿ ಇಲ್ಲ, ಮಾಡಿದ್ದನ್ನು ಆಡಿಯೊ ಫೈಲ್ ಆಗಿ ಹೊರಗೆ ತೆಗೆಯಲೂ ಬಿಡುತ್ತದೆ. ಆದರೆ ಸೇವ್ ಮಾಡಿದ ಪ್ರಾಜೆಕ್ಟ್ ಮತ್ತೆ ತೆರೆಯಬೇಕಾದರೆ ಕೊಳ್ಳಲೇಬೇಕು. ಯಾವುದನ್ನು ಹಿಡಿದರೂ ನಡೆಯುತ್ತದೆ. ವಾರಕ್ಕೊಂದು ಬದಲಾಯಿಸಬೇಡಿ, ಅಷ್ಟೇ.

ಮೊದಲ ದಿನ ಇಷ್ಟು ಮಾಡಿ. ಟೆಂಪೊ 124 ಇಡಿ, ಅಂದರೆ ನಿಮಿಷಕ್ಕೆ 124 ಬೀಟ್. ನಾಲ್ಕು ಬೀಟಿನ ಒಂದು ಸುತ್ತಿಗೆ ಬಾರ್ ಅನ್ನುತ್ತಾರೆ. ಅದರ ನಾಲ್ಕೂ ಬೀಟಿಗೆ ಕಿಕ್ (ದೊಡ್ಡ ಡ್ರಮ್ಮಿನ ಗುದ್ದು). ಎರಡನೆಯ, ನಾಲ್ಕನೆಯ ಬೀಟಿಗೆ ಕ್ಲ್ಯಾಪ್. ಎರಡು ಕಿಕ್‌ಗಳ ನಟ್ಟನಡುವೆ ಓಪನ್ ಹೈಹ್ಯಾಟ್ (ತಾಳ ಬಡಿದಂತೆ ಝಣ್ ಅನ್ನುವ ಸದ್ದು). ಹೌಸ್ ಅನ್ನುವ ಡ್ಯಾನ್ಸ್ ಮ್ಯೂಸಿಕ್ ಶೈಲಿಯ ಬೆನ್ನೆಲುಬು ಇದೇ. ಕಿಕ್ ಇಲ್ಲದ ಜಾಗದಲ್ಲಿ ಬೇಸ್‌ನ ಒಂದೇ ಸ್ವರ ನುಡಿಸಿ ನೋಡಿ, ತಲೆ ತಾನಾಗಿ ಆಡುತ್ತದೆ.

ಕಷ್ಟ ಶುರುವಾಗುವುದು ಆಮೇಲೆ. ಎಂಟು ಬಾರ್‌ನ ಲೂಪ್ ಚೆನ್ನಾಗಿ ಬರುತ್ತದೆ, ಮುಂದಕ್ಕೆ ಹೋಗುವುದೇ ಇಲ್ಲ. ಅದನ್ನೇ ಗಂಟೆಗಟ್ಟಲೆ ತಿರುಗಿಸಿ ಕೇಳುತ್ತಾ ಕೂರುವವರು ತುಂಬಾ ಜನ. ಇದಕ್ಕೆ ನನಗೆ ಕೆಲಸ ಮಾಡಿದ ದಾರಿ: ಲೂಪ್ ಅನ್ನು ಮೂರು-ನಾಲ್ಕು ನಿಮಿಷದ ಉದ್ದಕ್ಕೂ ಕಾಪಿ ಮಾಡಿ. ಹೊಸದು ಏನೂ ಸೇರಿಸಬೇಡಿ, ತೆಗೆಯುತ್ತಾ ಹೋಗಿ. ಮೊದಲ 16 ಬಾರ್‌ನಲ್ಲಿ ಡ್ರಮ್ಸ್ ಮಾತ್ರ ಇರಲಿ. ಆಮೇಲೆ ಬೇಸ್ ಬರಲಿ. ನಡುವೆ ಒಂದು ಕಡೆ ಕಿಕ್ ಪೂರ್ತಿ ನಿಲ್ಲಲಿ. ಅದು ಮತ್ತೆ ಬಂದಾಗ ಸಿಗುವ ಖುಷಿಯೇ ಬೇರೆ! ಡ್ಯಾನ್ಸ್ ಮ್ಯೂಸಿಕ್‌ನಲ್ಲಿ ಬದಲಾವಣೆಗಳು ಸಾಮಾನ್ಯವಾಗಿ 8 ಅಥವಾ 16 ಬಾರ್‌ಗೊಮ್ಮೆ ಬರುತ್ತವೆ. ಶುರುವಿನಲ್ಲಿ ಬರೀ ಡ್ರಮ್ಸ್ ಇರುವುದಕ್ಕೂ ಕಾರಣ ಇದೆ. ಡಿಜೆಗೆ ಹಿಂದಿನ ಟ್ರ್ಯಾಕ್ ಜೊತೆ ಬೆರೆಸಲು ಸುಲಭವಾಗಬೇಕಲ್ವಾ?

ಸಿಂತ್ ಹುಚ್ಚು ಹಿಡಿದವರು: ಮೇಲಿನವರು ಹೇಳಿದ್ದು ಸರಿ. ಆದರೆ ಪ್ರೀಸೆಟ್‌ಗಳನ್ನು (ಮೊದಲೇ ಸಿದ್ಧ ಮಾಡಿಟ್ಟ ಧ್ವನಿಗಳನ್ನು) ಒಂದೊಂದಾಗಿ ಒತ್ತುತ್ತಾ ಕೂತರೆ ಸಂಜೆ ಕಳೆದುಹೋಗುತ್ತದೆ, ಕಿವಿಗೆ ಏನೂ ದಕ್ಕುವುದಿಲ್ಲ. ಒಂದೇ ಸಿಂತ್ (ಧ್ವನಿ ಹುಟ್ಟಿಸುವ ಸಾಫ್ಟ್‌ವೇರ್ ವಾದ್ಯ) ಆರಿಸಿಕೊಳ್ಳಿ. 2020ರಲ್ಲಿ ಬಂದ ವೈಟಲ್‌ಗೆ ಪುಕ್ಕಟೆ ಆವೃತ್ತಿ ಇದೆ, ಧ್ವನಿಯ ಅಲೆ ಹೇಗೆ ಬದಲಾಗುತ್ತದೆ ಅನ್ನುವುದು ಅದರಲ್ಲಿ ಕಣ್ಣಿಗೇ ಕಾಣುತ್ತದೆ. ಸರ್ಜ್ ಎಕ್ಸ್‌ಟಿ ಕೂಡ ಪುಕ್ಕಟೆ. ಇನಿಟ್ ಅನ್ನುವ ಖಾಲಿ ಪ್ರೀಸೆಟ್‌ನಿಂದ ಶುರು ಮಾಡಿ, ಒಂದು ಸಾ ವೇವ್ (ಗರಗಸದ ಹಲ್ಲಿನಾಕಾರದ ಅಲೆ) ಇಟ್ಟುಕೊಳ್ಳಿ. ಮೇಲಿನ ಚೂಪು ಧ್ವನಿಯನ್ನು ತಡೆಯುವ ಫಿಲ್ಟರ್ ಮುಚ್ಚಿ, ಎರಡು ಆಕ್ಟೇವ್ ಕೆಳಗೆ ನುಡಿಸಿದರೆ ಬೇಸ್. ಅಟ್ಯಾಕ್ (ಧ್ವನಿ ಏರಲು ಹಿಡಿಯುವ ಸಮಯ), ರಿಲೀಸ್ (ಕೀ ಬಿಟ್ಟ ಮೇಲೆ ಆರಲು ಹಿಡಿಯುವ ಸಮಯ) ಎರಡನ್ನೂ ಜಾಸ್ತಿ ಮಾಡಿದರೆ ನಿಧಾನವಾಗಿ ಅರಳುವ ಪ್ಯಾಡ್. ಸಸ್ಟೇನ್ (ಕೀ ಒತ್ತಿ ಹಿಡಿದಾಗ ಉಳಿಯುವ ಧ್ವನಿಯ ಮಟ್ಟ) ಸೊನ್ನೆಗೆ ಇಳಿಸಿ, ಡಿಕೇ (ಆ ಮಟ್ಟಕ್ಕೆ ಇಳಿಯಲು ಹಿಡಿಯುವ ಸಮಯ) ಚಿಕ್ಕದು ಮಾಡಿದರೆ ತಂತಿ ಮೀಟಿದಂಥ ಪ್ಲಕ್. ಒಂದೇ ಅಲೆಯಿಂದ ಮೂರು ವಾದ್ಯ! ಏಬಲ್ಟನ್‌ನವರ ಲರ್ನಿಂಗ್ ಸಿಂತ್ಸ್ ಅನ್ನುವ ಪಾಠ ಬ್ರೌಸರ್‌ನಲ್ಲೇ ಪುಕ್ಕಟೆ ಓಡುತ್ತದೆ. ಮೊದಲು ಅದನ್ನು ಪೂರ್ತಿ ಮಾಡಿ.

ಒಂದೇ ಸಿಂತ್ ಸಾಕು ಅನ್ನುವುದಕ್ಕೆ ಒಂದು ಉದಾಹರಣೆ. ರೋಲ್ಯಾಂಡ್ ಟಿಬಿ-303 ಬಂದದ್ದು 1981ರಲ್ಲಿ. ಬೇಸ್ ಗಿಟಾರ್ ನುಡಿಸುವವರ ಬದಲಿಗೆ ಅಂತ ಮಾಡಿದ್ದ ಯಂತ್ರ. ಆ ಕೆಲಸಕ್ಕೆ ಅದು ಸರಿಯಾಗಲಿಲ್ಲ, ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಕೊಂಡ ಶಿಕಾಗೊದ ಹುಡುಗರು ಪ್ಯಾಟರ್ನ್ ಓಡುತ್ತಿರುವಾಗಲೇ ಅದರ ಫಿಲ್ಟರ್ ತಿರುಗಿಸಿದರು, ಆ್ಯಸಿಡ್ ಹೌಸ್ ಹುಟ್ಟಿತು. ಒಂದು ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ), ಒಂದು ಫಿಲ್ಟರ್, ಕೆಲವೇ ನಾಬ್‌ಗಳು. ಅಷ್ಟರಿಂದ ಒಂದು ಇಡೀ ಶೈಲಿ ಬಂತು ಅನ್ನುವುದು ನನಗೆ ಇವತ್ತಿಗೂ ಬೆರಗು.

ಮಿಕ್ಸಿಂಗ್ ಕೆಲಸ ಮಾಡುವವರು: ಏನೂ ಕೊಳ್ಳಬೇಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಫೋನಿನ ಇಯರ್‌ಫೋನ್‌ನಲ್ಲಿ ಕೆಳಗಿನ ಬೇಸ್ ನಿಜವಾಗಿ ಎಷ್ಟಿದೆ ಅಂತ ಗೊತ್ತಾಗುವುದು ಕಷ್ಟ. ದುಡ್ಡು ಹೊಂದಿದಾಗ ಮೊದಲು ಒಂದು ಸ್ಟುಡಿಯೊ ಹೆಡ್‌ಫೋನ್ ಕೊಳ್ಳಿ. ಸೋನಿ ಎಂಡಿಆರ್-7506, ಆಡಿಯೊ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ ತುಂಬಾ ಜನ ಬಳಸುವ ಮಾದರಿಗಳು. ಸ್ಪೀಕರ್ ಆಮೇಲೆ ನೋಡೋಣ. ಚಿಕ್ಕ ಕೋಣೆಯಲ್ಲಿ ಬೇಸ್ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಒಂದು ಸ್ವರ ಊದಿಕೊಳ್ಳುತ್ತದೆ, ಇನ್ನೊಂದು ಮಾಯವಾಗುತ್ತದೆ. ಮೂಲೆಯಲ್ಲಿಟ್ಟರೆ ಇನ್ನೂ ಜಾಸ್ತಿ.

ನಿಮಗಿಷ್ಟವಾದ ಟ್ರ್ಯಾಕ್ ಒಂದನ್ನು ಪ್ರಾಜೆಕ್ಟ್ ಒಳಗೇ ಹಾಕಿಕೊಂಡು ಆಗಾಗ ಹೋಲಿಸಿ. ಅದು ಮಾಸ್ಟರ್ ಆಗಿರುವುದರಿಂದ (ಬಿಡುಗಡೆಗೆ ಕೊನೆಯ ಹದ ಮಾಡಿರುವುದರಿಂದ) ಜೋರಾಗಿರುತ್ತದೆ. ನಿಮ್ಮದರ ಮಟ್ಟಕ್ಕೆ ಅದನ್ನು ಇಳಿಸಿಯೇ ಕೇಳಿ, ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. 50 ಹರ್ಟ್ಜ್ ಆಸುಪಾಸಿನ ಬೇಸ್ ಫೋನ್ ಸ್ಪೀಕರ್‌ನಲ್ಲಿ ಕೇಳುವುದೇ ಇಲ್ಲ. ಅದಕ್ಕೆ ಸ್ವಲ್ಪ ಡಿಸ್ಟಾರ್ಷನ್ (ಅಲೆಯ ಆಕಾರವನ್ನು ಬೇಕೆಂದೇ ಕೆಡಿಸುವ ಎಫೆಕ್ಟ್) ಕೊಡಿ. ಮೇಲಿನ ಹಾರ್ಮೋನಿಕ್‌ಗಳು (ಅದೇ ಸ್ವರದ ಎತ್ತರದ ಕಂಪನಗಳು) ಹುಟ್ಟುತ್ತವೆ, ಚಿಕ್ಕ ಸ್ಪೀಕರ್‌ನಲ್ಲೂ ಬೇಸ್ ಇರುವುದು ತಿಳಿಯುತ್ತದೆ.

ದಯವಿಟ್ಟು ಕಿವಿ ಜೋಪಾನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಧ್ವನಿ ಜೋರಾದಷ್ಟೂ ಆ ಸಮಯ ಬೇಗ ಕರಗುತ್ತದೆ. ಕಡಿಮೆ ಧ್ವನಿಯಲ್ಲೇ ಕೆಲಸ ಮಾಡಿ.

ಕೀಬೋರ್ಡ್ ನುಡಿಸುವವರು: ಹೆಡ್‌ಫೋನ್ ಆದ ಮೇಲೆ 25 ಕೀಗಳ ಚಿಕ್ಕ ಮಿಡಿ ಕೀಬೋರ್ಡ್ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದಕ್ಕೆ ತನ್ನದೇ ಧ್ವನಿ ಇರುವುದಿಲ್ಲ, ಯಾವ ಸ್ವರ ಎಷ್ಟು ಒತ್ತಿದಿರಿ ಅನ್ನುವುದನ್ನಷ್ಟೇ ಕಂಪ್ಯೂಟರ್‌ಗೆ ಹೇಳುತ್ತದೆ. ಒತ್ತಿದ ಮೇಲೆ ಧ್ವನಿ ತಡವಾಗಿ ಬಂದರೆ ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ, ಆಡಿಯೊ ಸೆಟ್ಟಿಂಗ್‌ನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಿದ್ಧ ಮಾಡುವ ಧ್ವನಿಯ ತುಂಡಿನ ಗಾತ್ರ) ನೋಡಿ. 44,100 ಸ್ಯಾಂಪಲ್ ರೇಟ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಾರಿ ಧ್ವನಿ ಅಳೆಯುವುದು) 1024 ಬಫರ್ ಅಂದರೆ ಅದೊಂದರಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ ಬರೀ 3. ವಿಂಡೋಸ್‌ನಲ್ಲಿ ಇದಕ್ಕೆ ಸಾಮಾನ್ಯವಾಗಿ ಆಸಿಯೊ ಡ್ರೈವರ್ (ಧ್ವನಿಯ ತಡ ಕಡಿಮೆ ಮಾಡುವ ಸಾಫ್ಟ್‌ವೇರ್) ಬೇಕಾಗುತ್ತದೆ, ಆಸಿಯೊ4ಆಲ್ ಪುಕ್ಕಟೆ ಸಿಗುತ್ತದೆ. ಹಾಡು, ಗಿಟಾರ್ ರೆಕಾರ್ಡ್ ಮಾಡುವ ಯೋಚನೆ ಇಲ್ಲದಿದ್ದರೆ ಆಡಿಯೊ ಇಂಟರ್‌ಫೇಸ್ (ಮೈಕ್, ಗಿಟಾರ್ ಅನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಧನ) ಈಗಲೇ ಬೇಡ.

ಇನ್ನೊಬ್ಬರು: ಸ್ಯಾಂಪಲ್ (ಟ್ರ್ಯಾಕ್‌ನಲ್ಲಿ ಬಳಸುವ ಸಿದ್ಧ ಧ್ವನಿ ತುಣುಕು) ಬೇಕಾದರೆ ಫ್ರೀಸೌಂಡ್ ವೆಬ್‌ಸೈಟ್‌ನಲ್ಲಿ ಹುಡುಕಿ. ಪ್ರತಿ ಫೈಲಿನ ಲೈಸೆನ್ಸ್ ಓದಿ. ಸಿಸಿ-ಝೀರೊ ಇದ್ದರೆ ಹೇಗೆ ಬೇಕಾದರೂ ಬಳಸಬಹುದು, ಕೆಲವಕ್ಕೆ ಹೆಸರು ಹಾಕಲೇಬೇಕು, ಕೆಲವನ್ನು ದುಡ್ಡು ಮಾಡುವ ಕೆಲಸಕ್ಕೆ ಬಳಸುವಂತಿಲ್ಲ. ಕ್ರ್ಯಾಕ್ ಮಾಡಿದ (ಕದ್ದ) ಪ್ಲಗಿನ್, ಅಂದರೆ ಸಾಫ್ಟ್‌ವೇರ್ ಒಳಗೆ ಸೇರಿಸುವ ಸಿಂತ್, ಎಫೆಕ್ಟ್‌ಗಳನ್ನು ಮುಟ್ಟಲೇಬೇಡಿ, ಜೊತೆಗೆ ವೈರಸ್ ಬರಬಹುದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಿಕ್, ಕ್ಲ್ಯಾಪ್, ಹ್ಯಾಟ್ ಆಯಿತು. ವೈಟಲ್ ಎರಡು-ಮೂರು ಟ್ರ್ಯಾಕ್‌ನಲ್ಲಿ ಹಾಕಿದ ತಕ್ಷಣ ಲ್ಯಾಪ್‌ಟಾಪ್ ಕರಕರ ಅನ್ನುತ್ತಿದೆ. ಏನು ಮಾಡಲಿ?

ಸಿಂತ್ ಹುಚ್ಚು ಹಿಡಿದವರು: ಧ್ವನಿ ಒಪ್ಪಿಗೆಯಾದ ಟ್ರ್ಯಾಕ್ ಅನ್ನು ಫ್ರೀಜ್ ಮಾಡಿ, ಅಂದರೆ ತಾತ್ಕಾಲಿಕವಾಗಿ ಆಡಿಯೊ ಆಗಿಸಿ. ಆ ಸೌಲಭ್ಯ ಇಲ್ಲದಿದ್ದರೆ ಆಡಿಯೊ ಮಾಡಿಕೊಂಡು ಸಿಂತ್ ಆಫ್ ಮಾಡಿ. ವೈಟಲ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್ (ಧ್ವನಿಯನ್ನು ಹೆಚ್ಚು ಸೂಕ್ಷ್ಮವಾಗಿ ಲೆಕ್ಕ ಹಾಕುವುದು) ಇಳಿಸಿ, ಯೂನಿಸನ್ ವಾಯ್ಸ್ (ಒಂದೇ ಸ್ವರದ ಮೇಲೆ ಪೇರಿಸಿದ ಪ್ರತಿಗಳು) ಕಡಿಮೆ ಮಾಡಿ. ನುಡಿಸಿ ರೆಕಾರ್ಡ್ ಮಾಡುವುದು ಮುಗಿದಿದ್ದರೆ ಬಫರ್ ಮತ್ತೆ 1024ಕ್ಕೆ ಏರಿಸಿ, ಆಗ ತಡವಾದರೂ ತೊಂದರೆ ಇಲ್ಲ. ಲೂಪ್ ಮುಗಿದ ಮೇಲೆ ಇಲ್ಲೇ ಹಾಕಿ, ಕೇಳಲು ಕಾಯುತ್ತಿರುತ್ತೇವೆ.