ನಾನು ಮಾಡಿದ್ದು ಹೋರಾಟವಾ, ಬರೀ ಶೋಕಿಯಾ?

ನಿದ್ದೆಗೇಡಿ ಕೇಳಿದ್ದು:

ಒಂದು ಕಚೇರಿ. ಬಾಗಿಲಿಗೆ ಐದು ಮೆಟ್ಟಿಲು, ರ‍್ಯಾಂಪ್ ಇಲ್ಲ. ಗಾಲಿಕುರ್ಚಿಯಲ್ಲಿದ್ದ ಒಬ್ಬರನ್ನು ಇಬ್ಬರು ಕುರ್ಚಿ ಸಮೇತ ಎತ್ತಿ ಒಳಗೆ ಒಯ್ಯುತ್ತಿದ್ದರು. ನೋಡಿ ಮೈ ಉರಿದುಹೋಯಿತು. ಫೋಟೊ ತೆಗೆದು, ‘ನಾಚಿಕೆ ಆಗಲ್ವಾ ಇವರಿಗೆ?’ ಅಂತ ಬರೆದು ಹಾಕಿದೆ. ಬೆಳಗಾಗುವಷ್ಟರಲ್ಲಿ ಮೂರು ಸಾವಿರ ಶೇರ್. ರಾತ್ರಿ ಎರಡು ಗಂಟೆವರೆಗೆ ಅದನ್ನೇ ಎಣಿಸುತ್ತಾ ಕೂತಿದ್ದೆ, ಸುಳ್ಳು ಯಾಕೆ ಹೇಳಲಿ. ಕುರ್ಚಿಯಲ್ಲಿದ್ದವರ ಹೆಸರನ್ನೂ ಕೇಳಿರಲಿಲ್ಲ.

ಹದಿನೈದು ದಿನದಲ್ಲಿ ರ‍್ಯಾಂಪ್ ಬಂತು. ‘ಗೆದ್ದೆವು!’ ಅಂತ ಇನ್ನೊಂದು ಪೋಸ್ಟ್ ಹಾಕಿದೆ.

ಹೋದ ವಾರ ಅದೇ ಬಾಗಿಲಲ್ಲಿ ಅವರೇ ಸಿಕ್ಕರು. ‘ಫೋಟೊ ತೆಗೆದವರು ನೀವೇ ಅಲ್ವಾ? ಒಂದು ಸಲ ತಳ್ಳಿ ನೋಡಿ’ ಅಂದರು. ತಳ್ಳಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಕೈ ನಡುಗಿತು. ಕುರ್ಚಿ ಹಿಂದಕ್ಕೆ ಜಾರತೊಡಗಿತು. ಕೊನೆಗೆ ಮತ್ತೆ ಇಬ್ಬರು ಓಡಿ ಬಂದು ಎತ್ತಿದರು. ಈ ಸಲ ರ‍್ಯಾಂಪ್ ಮೇಲೆ.

ಇದನ್ನು ಮಾತ್ರ ನಾನು ಎಲ್ಲೂ ಹಾಕಿಲ್ಲ. ‘ಗೆದ್ದೆವು’ ಅಂದವನು ಈಗ ಏನಂತ ಹಾಕಲಿ? ನಾನು ಮಾಡಿದ್ದು ಹೋರಾಟವಾ, ಬರೀ ಶೋಕಿಯಾ?

ಗೋಡೆಮೇಲಿನಹಲ್ಲಿ:

ಶೋಕಿ. ಬೇಜಾರು ಮಾಡ್ಕೋಬೇಡಿ, ನೀವೊಬ್ಬರೇ ಅಲ್ಲ. ಸುಡಾನಿನ ಡಾರ್ಫರ್ ಪ್ರದೇಶದ ಜನರನ್ನು ಹತ್ಯಾಕಾಂಡದಿಂದ ಉಳಿಸಿ ಅಂತ ಫೇಸ್‌ಬುಕ್‌ನಲ್ಲಿ ಒಂದು ಗುಂಪಿತ್ತು. ಸೇರಿದವರು ಹತ್ತು ಲಕ್ಷಕ್ಕೂ ಜಾಸ್ತಿ. ಸಂಶೋಧಕರು ಲೆಕ್ಕ ತೆಗೆದು 2014ರಲ್ಲಿ ಪ್ರಕಟಿಸಿದರು: ನೂರಕ್ಕೆ 99ಕ್ಕೂ ಹೆಚ್ಚು ಮಂದಿ ಅಲ್ಲಿ ಒಂದು ಕಾಸೂ ಕೊಟ್ಟಿರಲಿಲ್ಲ. ಬಟನ್ ಒತ್ತಿದರು, ಮನಸ್ಸು ಹಗುರ ಮಾಡಿಕೊಂಡರು, ಹೋದರು.

ಟೇಪುಹಿಡಿದವಳು:

ಹಲ್ಲಿಯವರೇ, ಗೋಡೆ ಮೇಲೆ ಕೂತು ಲೊಚಗುಟ್ಟುವುದು ಸುಲಭ. ಆ ಪೋಸ್ಟ್ ಇಲ್ಲದಿದ್ದರೆ ಇಷ್ಟು ಬೇಗ ಸಿಮೆಂಟೇ ಕಲಸುತ್ತಿರಲಿಲ್ಲ.

ನನ್ನ ತಮ್ಮ ಇಪ್ಪತ್ತು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದಾನೆ. ಹಾಗಾಗಿ ನನ್ನ ಬ್ಯಾಗಿನಲ್ಲಿ ಸದಾ ಅಳತೆ ಟೇಪ್ ಇರುತ್ತದೆ. ಲೆಕ್ಕ ಇಷ್ಟೇ: ಒಂದು ಅಡಿ ಎತ್ತರ ಹತ್ತಬೇಕಾದರೆ ಹನ್ನೆರಡು ಅಡಿ ಉದ್ದದ ರ‍್ಯಾಂಪ್ ಬೇಕು. ಆರು ಇಂಚಿನ ಐದು ಮೆಟ್ಟಿಲು ಅಂದರೆ ಎರಡೂವರೆ ಅಡಿ. ಅದಕ್ಕೆ ಮೂವತ್ತು ಅಡಿ. ಮೂವತ್ತು! ಜಾಗ ಸಾಲದಿದ್ದರೆ ತಿರುವು ಕೊಡಬೇಕು, ತಿರುವಿನಲ್ಲಿ ಸಮತಟ್ಟು ಜಾಗ ಬಿಡಬೇಕು. ನಿಮ್ಮ ರ‍್ಯಾಂಪ್ ಹತ್ತು ಅಡಿ ಇದ್ದರೆ ಹೆಚ್ಚು, ನೋಡದೆಯೂ ಹೇಳ್ತೀನಿ. ಬೈಗುಳ ನಿಲ್ಲಲಿ ಅಂತ ಕಟ್ಟಿದ್ದು ಅದು. ಬೈಗುಳ ನಿಂತಿತು. ನೀವೂ ‘ಗೆದ್ದೆವು’ ಅಂದುಬಿಟ್ಟಿರಿ.

ಫೋಟೊ ಅಂದಮೇಲೆ ನೆನಪಾಯಿತು. ಅಮೆರಿಕದಲ್ಲಿ ಬಿಳಿಯರಿಗೆ ಬಸ್ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್, ಅವರು ಬಸ್ ಕಿಟಕಿ ಪಕ್ಕ ಕೂತಿರುವ ಚಿತ್ರ ನೋಡಿದ್ದೀರಲ್ವಾ? ಹಿಂದಿನ ಸೀಟಿನಲ್ಲಿ ಒಬ್ಬ ಬಿಳಿಯ. ಅದು ಅವರನ್ನು ಬಂಧಿಸಿದ ದಿನದ್ದಲ್ಲ. ಎಲ್ಲ ಮುಗಿದ ಮೇಲೆ, 1956ರ ಡಿಸೆಂಬರ್ 21ರಂದು ಹಾಗೆ ಕೂರಿಸಿ ತೆಗೆದದ್ದು. ಹಿಂದೆ ಕೂತವನು ಪತ್ರಕರ್ತ. ತೋರಿಕೆಯ ಫೋಟೊ ಅಂತ ಬೇಕಾದರೆ ಹೇಳಿ, ನನಗೇನೂ ಬೇಸರವಿಲ್ಲ. ಯಾಕಂದರೆ ಅದಕ್ಕೆ ಮುಂಚೆ 381 ದಿನ ಅವರ ಊರು ಮಾಂಟ್ಗೊಮರಿಯ ಕಪ್ಪು ಜನ ಆ ಭೇದಭಾವ ವಿರೋಧಿಸಿ ಬಸ್ ಹತ್ತಿರಲಿಲ್ಲ. ನಡೆದೇ ಕೆಲಸಕ್ಕೆ ಹೋದರು. ಕಾರಿದ್ದವರು ಇಲ್ಲದವರನ್ನು ಕೂರಿಸಿಕೊಂಡು ಓಡಾಡಿದರು. ಆ ಕಾರುಗಳ ವಿಮೆ ರದ್ದಾದಾಗ ಲಂಡನ್ನಿನ ಲಾಯ್ಡ್ಸ್‌ನಿಂದ ಬೇರೆ ವಿಮೆ ಮಾಡಿಸಿದರು. ವಿಮೆ ಕಾಗದವನ್ನು ಯಾರು ಶೇರ್ ಮಾಡ್ತಾರೆ ಹೇಳಿ?

ಟೇಪ್ ತಗೊಂಡು ಹೋಗಿ. ಕುರ್ಚಿಯಲ್ಲಿರುವವರನ್ನು ಕೇಳಿ, ಅವರಿಗೆ ಏನು ಬೇಕು ಅಂತ.

ಬಕೆಟ್‌ನೀರು:

ನನ್ನದೊಂದು ತಕರಾರು. ತೋರಿಕೆ ಅಂದಕೂಡಲೇ ಮೂಗು ಮುರಿಯಬೇಡಿ. 2014ರಲ್ಲಿ ಜನ ತಲೆ ಮೇಲೆ ಐಸ್ ನೀರು ಸುರಿದುಕೊಂಡರಲ್ಲ, ಅದಕ್ಕಿಂತ ದೊಡ್ಡ ತೋರಿಕೆ ಬೇಕಾ? ಆದರೂ ಎಎಲ್‌ಎಸ್ ಅನ್ನುವ, ಸ್ನಾಯುಗಳ ಶಕ್ತಿ ಕುಂದಿಸುವ ನರರೋಗಕ್ಕಾಗಿ ದುಡಿಯುವ ಅಮೆರಿಕದ ಸಂಘಕ್ಕೆ 11.5 ಕೋಟಿ ಡಾಲರ್ ಬಂತು. ದುಡ್ಡು ಎಲ್ಲಿಗೆ ಕೊಡಬೇಕು ಅನ್ನುವುದು ಆ ಆಟದ ಜೊತೆಗೇ ಇತ್ತು. ‘ನಾಚಿಕೆ ಆಗಲ್ವಾ’ ಅಂತ ಓದಿದ ಮೂರು ಸಾವಿರ ಜನ ಆಮೇಲೆ ಏನು ಮಾಡಬೇಕಿತ್ತು? ನೀವು ಹೇಳಲೇ ಇಲ್ಲ.

ನಿದ್ದೆಗೇಡಿ:

ಹೋಗಿದ್ದೆ. ಒಂಬತ್ತು ಅಡಿ ನಾಲ್ಕು ಇಂಚು. ಮೆಟ್ಟಿಲು ಆರು ಇಂಚಿನವೇ. ಟೇಪಿನ ಇನ್ನೊಂದು ತುದಿ ಹಿಡಿದವರು ಕುರ್ಚಿಯವರೇ.

ಅಳೆದಾದ ಮೇಲೆ ಅವರು ಕುರ್ಚಿಯ ಹಿಂದಿನ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ನಾಲ್ಕು ಅರ್ಜಿ, ನಾಲ್ಕಕ್ಕೂ ಸೀಲು. ಮೊದಲನೆಯದು ನನ್ನ ಪೋಸ್ಟಿಗಿಂತ ಎರಡು ವರ್ಷ ಹಳೆಯದು. ಎರಡನೆಯದರಲ್ಲೇ ‘ಮೂವತ್ತು ಅಡಿ’ ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ನನಗೆ ತಲೆ ಎತ್ತಲು ಆಗಲಿಲ್ಲ. ಅವರು ಮಾತ್ರ ‘ಪೆನ್ ಇದೆಯಾ?’ ಅಂದರು.

ಐದನೇ ಅರ್ಜಿಗೆ ಇಬ್ಬರೂ ಸಹಿ ಹಾಕಿದೆವು. ಅವರನ್ನು ಕೇಳಿಕೊಂಡು, ಹಳೇ ‘ಗೆದ್ದೆವು’ ಪೋಸ್ಟಿನ ಕೆಳಗೆ ಅಳತೆಯನ್ನೂ ಅರ್ಜಿಯನ್ನೂ ಹಾಕಿದೆ. ಹನ್ನೊಂದು ಲೈಕ್ ಬಂದಿದೆ. ಇಂಜಿನಿಯರ್ ರಜೆಯಲ್ಲಿದ್ದಾರಂತೆ, ಗುರುವಾರ ಮತ್ತೆ ಬರಲು ಹೇಳಿದ್ದಾರೆ.